ಜಾಲರಿಯವನ ಮನೆಯ ನೊಣ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಜಾಲರಿಯಣ್ಣ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತಂತೆ. ಬಳಸುವವರಿಲ್ಲದೆ ತುಕ್ಕು ಹಿಡಿದು ಎಲ್ಲೋ ಬಿದ್ದುಹೋಗಿತ್ತು. ಕಿಟಕಿ ಬಾಗಿಲುಗಳಿಗೆ ನೊಣ ಸೊಳ್ಳೆ ಬಾರದಂತೆ ಜಾಲರಿ ಕೂರಿಸುವುದು ಅವನ ಕಸುಬು. ಹೆಗಲ ಮೇಲೆ ಜಾಲರಿಯ ಸುರುಳಿ, ಕಂಕುಳಲ್ಲಿ ಅಲ್ಯೂಮಿನಿಯಂ ಪಟ್ಟಿಗಳ ಕಟ್ಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಅವನು ಕೂರಿಸಿದ ಜಾಲರಿ ಎಷ್ಟು ಬಿಗಿಯೆಂದರೆ, ಗಾಳಿಯೂ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡವಾಗಿ ನುಸುಳಬೇಕಾಗಿತ್ತು. ಬೇಕರಿಯ ಕಿಟಕಿಗೆ ಇವನು ಜಾಲರಿ ಹಾಕಿದ ಮೇಲೆ ಬ್ರೆಡ್ಡಿನ ವಾಸನೆ ಹೊರಗೆ ಬರಲಾರದೆ ಒಳಗೇ ತುಂಬಿಕೊಂಡು, ಬೇಕರಿಯವನು ಬರೀ ವಾಸನೆ ಕುಡಿದೇ ದಪ್ಪಗಾದ ಎಂದು ಜನ ಆಡಿಕೊಳ್ಳುತ್ತಿದ್ದರು. ಮಾತು ಸ್ವಲ್ಪ ಹೆಚ್ಚಾಯಿತೇನೋ. ಬೇಕರಿಯವನು ದಪ್ಪಗಾದದ್ದು ಮಾತ್ರ ನಿಜ.

ಯಾರ ಮನೆಗೆ ಹೋದರೂ ಅವನು ಮೊದಲು ಅಳತೆ ಟೇಪು ಬಿಚ್ಚುತ್ತಿರಲಿಲ್ಲ, ನೊಣ ನೋಡುತ್ತಿದ್ದ. ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ ಇರುವ ಬೂದು ಮೈಯದ್ದು, ಕೂತಲ್ಲಿ ಮುಂಗಾಲು ಉಜ್ಜಿಕೊಳ್ಳುವುದು, ಮಾಮೂಲಿ ಮನೆನೊಣ. ಕಸದ ಡಬ್ಬಿಯಿಂದ ಬಂದದ್ದು; ಡಬ್ಬಿಗೆ ಮುಚ್ಚಳ, ಕಿಟಕಿಗೆ ಜಾಲರಿ ಹಾಕಿದರೆ ಮುಗಿಯಿತು. ಹಸಿರೋ ನೀಲಿಯೋ ಮಿರಮಿರ ಹೊಳೆಯುತ್ತ, ಲಾರಿಯ ಹಾಗೆ ಸದ್ದು ಮಾಡುತ್ತ ಬಂದರೆ ಎಲ್ಲೋ ಇಲಿ ಸತ್ತಿದೆ. ಮೊದಲು ಅದನ್ನು ಹುಡುಕಬೇಕು. ಕೆಂಪು ಕಣ್ಣಿನ ಸಾಸಿವೆಕಾಳಿನಂಥದ್ದು ಬಾಳೆಹಣ್ಣಿನ ನೆಂಟ. ಹಣ್ಣು ಹೋದರೆ ಅದೂ ಹೋಗುತ್ತದೆ. ದೀಪದ ಕೆಳಗೆ ಕೂರದೆ ನಿಲ್ಲದೆ ಸುತ್ತು ಹೊಡೆಯುವ ಚಿಕ್ಕ ಜಾತಿಯೊಂದಿದೆ. ಅದಕ್ಕೆ ಅವನು ‘ರಿಟೈರಾದ ಸಾಹೇಬರು’ ಎಂದು ಹೆಸರಿಟ್ಟಿದ್ದ. ಇನ್ನೊಂದು, ಗೋಡೆಗೆ ಅಂಟಿಕೊಂಡು ಕೂರುವ, ಮೈತುಂಬ ರೋಮವಿರುವ, ಚಿಟ್ಟೆಯ ಮೊಮ್ಮಗುವಿನಂಥ ಬೂದು ಹುಳ. ಅದು ಚರಂಡಿ ನೊಣ. ಅದನ್ನು ಕಂಡರೆ ಅವನು ಜಾಲರಿ ಮಾರುತ್ತಲೇ ಇರಲಿಲ್ಲ. “ಬಳಸದೆ ಬಿಟ್ಟಿರೋ ಬಚ್ಚಲು ಯಾವುದಾದ್ರೂ ಇದ್ಯಾಮ್ಮ? ಒಂದು ಬಕೆಟ್ ನೀರು ಸುರೀರಿ, ನನ್ನ ಸಹವಾಸ ಬೇಡ” ಎಂದು ಸುರುಳಿ ಎತ್ತಿಕೊಂಡು ಹೊರಡುತ್ತಿದ್ದ.

ಅಂಥವನ ಮನೆಗೇ ಆ ಬೂದು ಚರಂಡಿ ನೊಣ ಬಂತು.

ಮನೆಯಲ್ಲಿ ಅವನೊಬ್ಬನೇ ಇದ್ದ. ಮೊದಲು ಅಕ್ಕ ಇದ್ದಳು. ಅಮ್ಮ ತೀರಿಕೊಂಡ ಮೇಲೆ ಇವನನ್ನೂ ತಂಗಿಯನ್ನೂ ಹೊಲಿಗೆ ಮಿಷನ್ ತುಳಿದು ಸಾಕಿದವಳು ಅವಳೇ. ತಂಗಿಗೆ ಮದುವೆಯಾಯಿತು, ಇವರಿಬ್ಬರದು ಇವತ್ತು ನಾಳೆ ಎನ್ನುತ್ತ ತಲೆ ನರೆಯಿತು. ಮಂಡಿನೋವು ಶುರುವಾದಾಗ ಇವನು ಹಿಂದಿನ ಕೋಣೆಗೆ ಹೊಂದಿಕೊಂಡಂತೆ ಅವಳಿಗೆಂದೇ ಒಂದು ಬಚ್ಚಲು ಕಟ್ಟಿಸಿಕೊಟ್ಟಿದ್ದ. ಅಷ್ಟು ಪ್ರೀತಿ ಇತ್ತು. ಆದರೆ ಬಾಯಿ ತೆರೆದರೆ ನೊಣದ ಮಾತು.

ಮುಂಬಾಗಿಲಿಗೆ ಅವನು ಹಾಕಿದ್ದ ಜಾಲರಿ ಬಾಗಿಲಿನ ಸ್ಪ್ರಿಂಗ್ ರೈಲ್ವೆ ಬೋಗಿಯನ್ನು ಎಳೆದು ನಿಲ್ಲಿಸುವಂಥದ್ದು. ಯಾರಾದರೂ ಹೊಸ್ತಿಲ ಮೇಲೆ ನಿಂತು ಮಾತಾಡಿದರೆ ಅವನಿಗೆ ಮೈಯೆಲ್ಲ ಮುಳ್ಳು. “ಒಳಗೆ ಬರ್ತೀರೋ ಹೊರಗೆ ನಿಲ್ತೀರೋ, ಬೇಗ ತೀರ್ಮಾನ ಮಾಡಿ” ಎಂದುಬಿಡುತ್ತಿದ್ದ. ಮಧ್ಯಾಹ್ನದ ಹೊತ್ತು ಅಕ್ಕನ ಜೊತೆ ಹರಟಲು ಬರುತ್ತಿದ್ದವಳು ಎದುರುಮನೆಯ ಇಸ್ತ್ರಿಯಮ್ಮ. ಒಂದು ದಿನ ಅವಳು ತೀರ್ಮಾನ ಮಾಡುವಷ್ಟರಲ್ಲಿ ಬಾಗಿಲು ಬಂದು ಹಿಮ್ಮಡಿಗೆ ಬಡಿಯಿತು. ಕುಂಟುತ್ತ ಹೋದವಳು ಮತ್ತೆ ಇತ್ತ ತಲೆ ಹಾಕಲಿಲ್ಲ. ಅವಳ ಹಿಂದೆಯೇ ಉಳಿದವರೂ ಬರುವುದನ್ನು ನಿಲ್ಲಿಸಿದರು. ಒಂದು ಬೆಳಿಗ್ಗೆ ಅಕ್ಕ ಚಿಕ್ಕ ಚೀಲ ಹಿಡಿದು, “ತಂಗಿ ಮನೇಲಿ ಸ್ವಲ್ಪ ದಿನ ಇರ್ತೀನಿ ಕಣೋ” ಎಂದು ಹೊರಟಳು. ಸ್ವಲ್ಪ ದಿನಕ್ಕೆ ಕೈಕಾಲು ಬಂದು ಅದು ಬೆಳೆಯುತ್ತಲೇ ಹೋಯಿತು.

ಈಗ ಫೋನು ಮಾಡಿದ್ದಳು. ಭಾನುವಾರ ಟೆಂಪೊ ತಂದು ಹೊಲಿಗೆ ಮಿಷನ್ ಒಯ್ಯುತ್ತಾಳಂತೆ.

ಚೀಲ ಹೋದರೆ ಮನುಷ್ಯರು ವಾಪಸ್ಸು ಬರುತ್ತಾರೆ. ಮಿಷನ್ ಹೋದರೆ ಬರುವುದಿಲ್ಲ. ಅಷ್ಟು ಅವನಿಗೂ ಗೊತ್ತಿತ್ತು. ಹೇಗಾದರೂ ಮಾಡಿ ಅಕ್ಕ ಮಿಷನ್ನನ್ನು ಅಲ್ಲೇ ಬಿಟ್ಟು ತಾನೂ ಉಳಿಯಬೇಕು. ಬಂದವಳು ನೋಡಿ ಬೆರಗಾಗುವ ಹಾಗೆ ಮನೆ ಕನ್ನಡಿಯಂತಿರಬೇಕು ಎಂದುಕೊಂಡು ಗೋಡೆ ಒರೆಸಲು ಹೋದರೆ ಅಲ್ಲಿ ಆ ಬೂದು ನೊಣ ಕೂತಿತ್ತು. ಪಕ್ಕದಲ್ಲಿ ಅದರ ಅಣ್ಣ. ಮೇಲೆ ಅವರ ಇಡೀ ಕುಟುಂಬ.

ಅವನು ತನ್ನ ಬಚ್ಚಲು ಉಜ್ಜಿದ. ಅಡುಗೆಮನೆ ಸಿಂಕಿನ ಪೈಪಿಗೆ ಬ್ರಷ್ ತೂರಿಸಿ ಲೋಳೆಯನ್ನೆಲ್ಲ ಕೆರೆದು ಕುದಿಯುವ ನೀರು ಸುರಿದ. ಆ ನೀರಿಗೆ ಊರ ಚರಂಡಿಯೇ ಒಮ್ಮೆ ಮೈ ಕೊಡವಿ ಎದ್ದು ಕೂತಿರಬೇಕು. ಮಾರನೆ ದಿನ ನೊಣಗಳು ಇನ್ನೂ ಹೆಚ್ಚು. ಹಾಗಾದರೆ ಹೊರಗಿಂದಲೇ ಬರುತ್ತಿರಬೇಕೆಂದು ಜಾಲರಿಯ ಮೇಲೆ ಇನ್ನೊಂದು ಜಾಲರಿ ಹಾಕಿದ. ಬಾಗಿಲಡಿಗೆ ರಬ್ಬರ್ ಪಟ್ಟಿ ಬಡಿದ. ಗಾಳಿಕಿಂಡಿಗೆ ಟೇಪು, ಬೀಗದ ತೂತಿಗೆ ಹತ್ತಿ. ಶನಿವಾರದ ಹೊತ್ತಿಗೆ ಆ ಮನೆಯೊಳಗೆ ಬರಬೇಕಾದರೆ ಬೆಳಕೂ ಕದ ತಟ್ಟಿ ಕಾಯಬೇಕಾಗಿತ್ತು. ನೊಣಗಳು ಮಾತ್ರ ಗೋಡೆಯ ಮೇಲೆ ಹಾಯಾಗಿ ಕೂತು ಅವನ ಪಾಡು ನೋಡುತ್ತಿದ್ದವು.

ಹಿಂದಿನ ಕೋಣೆಯ ಕಡೆಗೆ ಅವನು ಹೋಗಲಿಲ್ಲ. ಅಕ್ಕ ಹೋದ ದಿನ ಎಳೆದುಕೊಂಡ ಬಾಗಿಲು ಅದು. ಆಚೆ ಕಣ್ಣು ಹೊರಳಿದರೆ ಅವನು ಕಣ್ಣನ್ನೇ ವಾಪಸ್ಸು ಕರೆಸಿಕೊಳ್ಳುತ್ತಿದ್ದ. ಬೇರೆಯವರ ಮನೆಯ ಕೂದಲೆಳೆಯಷ್ಟು ಬಿರುಕನ್ನೂ ಬಿಡದವನಿಗೆ ತನ್ನ ಮನೆಯಲ್ಲಿ ಒಂದು ಕೋಣೆಯೇ ಲೆಕ್ಕದಿಂದ ಬಿಟ್ಟುಹೋಗಿತ್ತು.

ಭಾನುವಾರ ಟೆಂಪೊ ಬಂತು. ಅಕ್ಕ ಇಳಿದು, ರಬ್ಬರ್ ಪಟ್ಟಿ ಅಂಟಿಕೊಂಡಿದ್ದ ಬಾಗಿಲನ್ನು ಭುಜದಿಂದ ನೂಕಿ ಒಳಗೆ ಬಂದಳು.

“ಏನೋ ಇದು, ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆದ ಹಾಗೆ ಸದ್ದು ಬಂತು. ಒಳಗೆ ಉಸಿರಾಡ್ತಾ ಇದ್ದೀಯಾ?”

“ಇದ್ದೀನಿ” ಎಂದ ಅವನು. “ಕೂತ್ಕೋ ಅಕ್ಕಾ. ಕಾಫಿ ಮಾಡ್ಲಾ?”

“ಮಾಡುವಂತೆ.” ಅವಳ ಕಣ್ಣು ಗೋಡೆಯ ಮೇಲೆ ನಿಂತಿತು. “ಚರಂಡಿ ನೊಣ ಅಲ್ವೇನೋ?”

ಅವನ ತಲೆ ತಗ್ಗಿತು. “ಎಲ್ಲಾ ಉಜ್ಜಿದೀನಿ. ಎಲ್ಲಿಂದ ಬರ್ತಿದೆಯೋ ಗೊತ್ತಾಗ್ತಾ ಇಲ್ಲ.”

“ನನ್ನ ಬಚ್ಚಲು ನೋಡಿದ್ಯಾ?”

ಅಕ್ಕ ಮಂಡಿ ಹಿಡಿದುಕೊಂಡು ನಡೆದು ಹಿಂದಿನ ಕೋಣೆಯ ಬಾಗಿಲು ತೆಗೆದಳು. ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಬಚ್ಚಲ ಗೋಡೆಯ ಮೇಲೆ ಮದುವೆ ದಿಬ್ಬಣ ಇಳಿದ ಹಾಗೆ ನೊಣ. ನೀರು ಹೋಗುವ ತೂತಿನ ಮುಚ್ಚಳ ಎತ್ತಿದಳು. ಕೆಳಗೆ ಡೊಂಕು ಪೈಪಿನಲ್ಲಿ ಯಾವಾಗಲೂ ನಿಂತಿರಬೇಕಾದ ನೀರು ಒಣಗಿ, ಚರಂಡಿಗೂ ಮನೆಗೂ ನಡುವೆ ಏನೂ ಉಳಿದಿರಲಿಲ್ಲ.

“ಊರವರಿಗೆಲ್ಲ ನೀನೇ ಹೇಳ್ತಿದ್ದೆ, ಬಳಸದ ಬಚ್ಚಲಿಗೆ ನೀರು ಸುರೀರಿ ಅಂತ” ಎಂದಳು.

“ಇದು ನಿನ್ನ ಬಚ್ಚಲು” ಎಂದ ಅವನು. “ಬಳಸದ್ದು ಅಂತ ನನಗೆ ಅನ್ನಿಸ್ಲೇ ಇಲ್ಲ.”

ಅಕ್ಕ ಅಂಚಿನ ಲೋಳೆಯನ್ನು ಬ್ರಷ್ಷಿನಿಂದ ಕೆರೆದು, ಬಕೆಟ್ ತುಂಬಿ ಸುರಿದಳು. ಪೈಪು ಗುಳುಗುಳು ಎಂದು ಕುಡಿಯಿತು.

“ವಾರಕ್ಕೊಂದು ಸಲ ಹೀಗೆ ಹಾಕು. ನಾಲ್ಕು ದಿನದಲ್ಲಿ ಇವೂ ಹೋಗ್ತವೆ.”

“ಸರಿಹೋಯ್ತಲ್ಲ ಹಾಗಾದ್ರೆ” ಎಂದ ಅವನು, ಗೋಡೆಯ ಕಡೆ ನೋಡುತ್ತ. “ಇದ್ಬಿಡು ಅಕ್ಕಾ.”

“ನೊಣಕ್ಕೆ ಹೆದರಿ ಹೋದವಳೇನೋ ನಾನು?”

“ಮತ್ತೆ?”

“ಇಲ್ಲಿದ್ದಾಗ ನಾನು ದಿನಾ ಮಾತಾಡ್ತಿದ್ದದ್ದು ಹಾಲಿನವನ ಹತ್ರ ಮಾತ್ರ. ಅದೂ ಜಾಲರಿ ಆಚೆಯಿಂದ. ಅವನ ಮುಖ ಹೇಗಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಬರೀ ಚೌಕ ಚೌಕ. ತಂಗಿ ಮನೇಲಿ ನೊಣ ಇವೆ ಕಣೋ. ತಟ್ಟೆ ಮೇಲೂ ಕೂತ್ಕೋತವೆ, ಬೇಜಾರಾಗುತ್ತೆ. ಆದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.”

“ಆ ಬಾಗಿಲು ಕಿತ್ತು ಹಾಕ್ತೀನಿ. ಇವತ್ತೇ.”

“ಬಾಗಿಲು ಇರ್ಲಿ. ಸ್ಪ್ರಿಂಗ್ ತೆಗಿ. ನನಗೋಸ್ಕರ ಬೇಡ, ನಿನಗೋಸ್ಕರ ತೆಗಿ.” ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಅಲ್ಲಿ ಹೊಲಿಗೆ ಒಪ್ಕೊಂಡಿದ್ದೀನಿ. ಸ್ಕೂಲ್ ಯೂನಿಫಾರಂ, ರಾಶಿ ಇದೆ. ಬರಲ್ಲಪ್ಪ ನಾನು.”

ಅವಳು ಅದನ್ನು ಜೋರಾಗಿ ಹೇಳಲಿಲ್ಲ. ಜಗಳದ ದನಿಯಲ್ಲಿ ಹೇಳಿದ್ದರೆ ಅವನು ವಾದ ಮಾಡುತ್ತಿದ್ದ. ಕಾಫಿ ಮಾಡಿದ. ಇಬ್ಬರೂ ಕುಡಿದರು. ಅಕ್ಕ ಸಕ್ಕರೆ ಜಾಸ್ತಿಯಾಯಿತು ಎಂದಳು.

ಇಸ್ತ್ರಿಯಮ್ಮ ಟೆಂಪೊ ಕಂಡು ಬಂದವಳು, ಅಭ್ಯಾಸಬಲದಿಂದ ಮೆಟ್ಟಿಲ ಕೆಳಗೇ ನಿಂತಳು. ಅವನು ಜಾಲರಿ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು, “ಒಳಗೆ ಬನ್ನಿ ಅಮ್ಮಾ” ಎಂದ.

“ನೊಣ ಬರ್ತವಲ್ಲ ಜಾಲರಿಯಣ್ಣ.”

“ಬರ್ಲಿ ಬಿಡಿ.”

“ನಿಮಗೆ ಹುಷಾರಿದ್ಯಾ?” ಎಂದಳು ಇಸ್ತ್ರಿಯಮ್ಮ, ನಿಜವಾದ ಗಾಬರಿಯಿಂದ. ಒಳಗೆ ಮಾತ್ರ ಬರಲಿಲ್ಲ. ಅಕ್ಕನೇ ಹೊರಗೆ ಹೋಗಿ ಅವಳ ಕೈ ಹಿಡಿದು ಮಾತಾಡಿಸಿದಳು.

ಮಿಷನ್ನನ್ನು ಅವನೂ ಡ್ರೈವರನೂ ಸೇರಿ ಎತ್ತಿದರು. ಕಬ್ಬಿಣದ ಕಾಲಿನ ಹಳೇ ಮಿಷನ್. ಒಂದು ಆನೆ ಕೂತೇ ಇದ್ದು ಏಳಲು ಒಪ್ಪದ ಹಾಗೆ ಭಾರ. ಟೆಂಪೊದ ಹಿಂಭಾಗಕ್ಕೆ ಏರಿಸಿದ ಮೇಲೆ ಡ್ರೈವರ್ ಹಣೆ ಒರೆಸಿಕೊಂಡು, “ಕಟ್ಟೋಕೆ ಹಗ್ಗ ತಂದಿಲ್ಲ. ತಿರುವಲ್ಲಿ ಉರುಳುತ್ತೆ. ಹಿಡ್ಕೊಳ್ಳೋಕೆ ಒಬ್ಬರು ಹಿಂದೆ ಕೂರಬೇಕಲ್ಲ” ಎಂದ.

ಮನೆಯಲ್ಲಿ ಜಾಲರಿಯಣ್ಣನ ಹತ್ತಿರ ಊರನ್ನೇ ಕಟ್ಟಿಹಾಕುವಷ್ಟು ಹಗ್ಗವಿತ್ತು. “ನಾನು ಕೂರ್ತೀನಿ” ಎಂದು ಅವನು ಹತ್ತಿ ಕೂತ.

ಅಕ್ಕ ಮುಂದೆ ಡ್ರೈವರನ ಪಕ್ಕ ಕೂತಳು. ಟೆಂಪೊ ಹೊರಟಿತು. ಬೇಕರಿ ದಾಟುವುದರೊಳಗೆ ಅವಳು ಮಾತು ಶುರುಮಾಡಿದ್ದಳು. ಡ್ರೈವರನ ಹೆಂಡತಿಯ ತವರು, ಮಗುವಿನ ಹಲ್ಲು, ಯಾವ ಬಟ್ಟೆ ಒಗೆದರೆ ಕುಗ್ಗುತ್ತದೆ ಎನ್ನುವುದು. ಡ್ರೈವರ್ ಏನೋ ಅಂದ, ಅವಳು ನಕ್ಕಳು. ಇಂಜಿನ್ನಿನ ಸದ್ದಿನಲ್ಲಿ ಮಾತು ಪೂರ್ತಿ ಕೇಳಿಸುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಅಕ್ಕ ಇಷ್ಟು ಮಾತಾಡಬಲ್ಲಳು ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಎರಡೂ ಕೈಯಿಂದ ಮಿಷನ್ನನ್ನು ತಬ್ಬಿಕೊಂಡು, ಕಿವಿಯನ್ನು ಮುಂದಿನ ಕಿಂಡಿಗೆ ಹತ್ತಿರ ತಂದು ಕೂತ.

ದೊಡ್ಡ ರಸ್ತೆಯ ಹತ್ತಿರ ಟೆಂಪೊ ನಿಂತಿತು. ಡ್ರೈವರ್ ಹಿಂದಕ್ಕೆ ಕೂಗಿದ: “ರಸ್ತೆ ಅಗೆದುಬಿಟ್ಟಿದ್ದಾರೆ ಅಣ್ಣ. ಸುತ್ತಾಕ್ಕೊಂಡು ಹೋಗ್ಬೇಕು, ತಡ ಆಗುತ್ತೆ.”

“ನಿಧಾನಕ್ಕೆ ಹೋಗಪ್ಪ” ಎಂದ ಅವನು. “ನನಗೇನೂ ಅವಸರ ಇಲ್ಲ.”