ಸುಗಲತ್ತಿ ಆರಿಸಿದ ಹಡಗು

ಸಿಟ್ಟು ಬಂದಾಗ ಸುಗಲತ್ತಿಯ ದನಿ ಇಳಿಯುತ್ತಿತ್ತು, ಮಾತು ಕನ್ನಡ ಬಿಟ್ಟು ಉರ್ದುವಿಗೆ ಹೊರಳುತ್ತಿತ್ತು. ಅದು ಸಂತೆಯಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಉರ್ದು ಆಗಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಹುಮನಾಬಾದಿನ ಶಾಲೆಯಲ್ಲಿ ನಾಲ್ಕನೆಯ ಜಮಾತಿನ ತನಕ ಕಲಿತ, ತಿದ್ದಿ ತೀಡಿದ ಉರ್ದು. ಎದುರಿಗಿರುವವನು ಒಡಹುಟ್ಟಿದ ಅಣ್ಣನಾದರೂ ಸರಿ, ಹಾಲು ಹಾಕುವವನಾದರೂ ಸರಿ, ಆ ಗಳಿಗೆಯಲ್ಲಿ ‘ಜನಾಬ್’ ಆಗಿಬಿಡುತ್ತಿದ್ದ. ಮರ್ಯಾದೆ ಹೆಚ್ಚಿದಷ್ಟೂ ಸಿಟ್ಟು ಹೆಚ್ಚಿದೆ ಎಂದು ಲೆಕ್ಕ. ದೊಡ್ಡವರು ‘ಆಪ್’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಚಪ್ಪಲಿ ಹುಡುಕುತ್ತಿದ್ದರು. ಮಕ್ಕಳಾದ ನಮಗೆ ಮಾತ್ರ ಖುಷಿಯೋ ಖುಷಿ, ಯಾಕೆಂದರೆ ಆ ಸಿಟ್ಟು ಬಹಳ ಸಲ ನಮ್ಮ ಸಲುವಾಗಿಯೇ ಬಂದಿರುತ್ತಿತ್ತು.

ಅವಳು ನನ್ನ ಅಪ್ಪನ ಅಕ್ಕ. ಬೇಮಳಖೇಡಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದುಕೊಂಡು ಇವಳನ್ನು ಬಂಡಿಯಲ್ಲಿ ಕೂಡಿಸಿ ಹುಮನಾಬಾದಿನ ತವರಿಗೆ ಕಳಿಸಿದ. ಆಗ ಇವಳು ತುಟಿ ಬಿಚ್ಚಲಿಲ್ಲವಂತೆ. ನಮ್ಮ ಮನೆಯವರು ಅದನ್ನು ಬಂದವರೆದುರು ದೊಡ್ಡ ಗುಣವೆಂಬಂತೆ ಹೇಳಿಕೊಳ್ಳುತ್ತಿದ್ದರು. ಎಷ್ಟು ಒಳ್ಳೆಯ ಹೆಣ್ಣುಮಗಳು ನೋಡಿರಿ, ಒಂದು ಮಾತು ಎತ್ತಾಡಲಿಲ್ಲ ಎಂದು. ಅದು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳ ಪರವಾಗಿ ಎರಡು ಮಾತಾಡಲು ಇಬ್ಬರು ಗಂಡು ಒಡಹುಟ್ಟುಗಳಿಗೆ ಬಾಯಿ ಇರಲಿಲ್ಲವೇ? ಇರಲಿಲ್ಲ. ಬದಲಿಗೆ ಬಿಟ್ಟಿ ಆಳು ಸಿಕ್ಕಿತು. ಬೆಳಗಿನ ಕಸದಿಂದ ರಾತ್ರಿಯ ಹಾಸಿಗೆಯ ತನಕ ಆ ಮನೆಯ ಕೆಲಸವೆಲ್ಲ ಅವಳ ಕೈಯಲ್ಲೇ ಆಗುತ್ತಿತ್ತು.

ಮನೆಯ ಯಜಮಾನ ದೊಡ್ಡಪ್ಪ, ಅಪ್ಪನ ಅಣ್ಣ. ತೊಗರಿಬೇಳೆಯ ವ್ಯಾಪಾರ, ಊರಲ್ಲಿ ಹೆಸರು. ಅವನ ತಲೆಗೆ ಒಮ್ಮೆ ಒಂದು ಹುಚ್ಚು ಹೊಕ್ಕಿತು. ಮಕ್ಕಳು ಗಟ್ಟಿಮುಟ್ಟಾಗಬೇಕು, ಅದಕ್ಕೆ ಚಳಿಗಾಲದಲ್ಲೂ ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಬೇಕು ಎಂದು. ನಮ್ಮ ಕಡೆಯ ಪುಷ್ಯ ಮಾಸದ ಥಂಡಿ ಗೊತ್ತಿದ್ದವರಿಗೇ ಗೊತ್ತು, ಹೌದಿನ ತೊಟ್ಟಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತವೆ. ಮೊದಲನೆಯ ದಿನ ನಾವೆಲ್ಲ ಅಂಗಳದಲ್ಲಿ ಹಲ್ಲು ಕಟಕಟಿಸುತ್ತ ಸಾಲಾಗಿ ನಿಂತಿದ್ದೆವು. ಸುಗಲತ್ತಿ ಒಂದು ಕೊಡ ತಣ್ಣೀರು ತುಂಬಿ ತಂದು ಉಣ್ಣೆ ಶಾಲು ಹೊದ್ದು ಕೂತಿದ್ದ ದೊಡ್ಡಪ್ಪನ ಎದುರಿಗಿಟ್ಟು, ‘ಪಹಲೇ ಆಪ್, ಜನಾಬ್’ ಎಂದಳು. ಮೊದಲು ತಾವು ಎಂದು. ದೊಡ್ಡಪ್ಪ ಕೊಡವನ್ನೂ ನೋಡಿದ, ಅವಳನ್ನೂ ನೋಡಿದ, ಅಂಗಡಿಗೆ ಹೊತ್ತಾಯಿತೆಂದು ಎದ್ದು ಹೋದ. ಮರುದಿನದಿಂದ ಹಂಡೆಯ ಕೆಳಗೆ ಮತ್ತೆ ಉರಿ ಕಾಣಿಸಿತು.

ನನ್ನ ತಮ್ಮ ಚನ್ನುವಿಗೆ ಆಗ ಐದು ವರ್ಷ. ಅವನಿಗೆ ಚಳಿಗಾಲ ಬಂದರೆ ದಮ್ಮು ಏಳುತ್ತಿತ್ತು. ಎದೆಯೊಳಗೆ ಗೊರಗೊರ ಸದ್ದು, ಪಕ್ಕೆಲುಬು ಒಳಗೆ ಹೋಗುವಂತೆ ಎಳೆದೆಳೆದು ಬಿಡುವ ಉಸಿರು. ಅಂಥ ರಾತ್ರಿಗಳಲ್ಲಿ ಅವನನ್ನು ಎದೆಗೆ ಒರಗಿಸಿಕೊಂಡು ಕೂಡುತ್ತಿದ್ದವಳು ಸುಗಲತ್ತಿ. ಅವ್ವ ಅವನ ಉಸಿರು ಕೇಳಿದರೇ ದೇವರ ಮುಂದೆ ಹೋಗಿ ಕೂತುಬಿಡುತ್ತಿದ್ದಳು. ಆ ವರ್ಷ ಡಾಕ್ಟರು, ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಹುಡುಗನನ್ನು ಈ ಥಂಡಿಯಿಂದ ತೆಗೆದು ಸ್ವಲ್ಪ ದಿನ ಸಮುದ್ರದ ದಂಡೆಯ ಊರಿನಲ್ಲಿ ಇಟ್ಟು ನೋಡಿರಿ, ಆದರೆ ರಾತ್ರಿಯ ಹಸಿಗಾಳಿಗೆ ಮಾತ್ರ ಒಡ್ಡಬೇಡಿರಿ ಎಂದರು. ದೊಡ್ಡಪ್ಪನಿಗೆ ಅದೇ ನೆಪವಾಯಿತು. ಬೊಂಬಾಯಿಯಿಂದ ಗೋವಾಕ್ಕೆ ಹಡಗು ಹೋಗುತ್ತದೆ, ಎಲ್ಲರೂ ಹಡಗಿನಲ್ಲೇ ಹೋಗೋಣ, ಮಕ್ಕಳೂ ನೋಡಿದಂತಾಗುತ್ತದೆ ಎಂದು ಸಾರಿಬಿಟ್ಟ. ಅರವತ್ತರ ದಶಕ ಮುಗಿಯುತ್ತ ಬಂದ ಕಾಲ ಅದು, ನಮ್ಮ ಓಣಿಯಲ್ಲಿ ರೈಲು ಹತ್ತದವರೇ ಹೆಚ್ಚು.

ಮನೆಯಲ್ಲಿ ಎಲ್ಲರೂ ಹೊಸ ಬಟ್ಟೆಯ ಮಾತಾಡುತ್ತಿದ್ದಾಗ ಸುಗಲತ್ತಿಯೊಬ್ಬಳು ಹಡಗಿನ ಬೆನ್ನು ಹತ್ತಿದಳು. ಬೊಂಬಾಯಿ ಕಂಡು ಬಂದ ಯಾರೇ ಸಿಕ್ಕರೂ ಕೇಳಿದ್ದೇ ಕೇಳಿದ್ದು. ಗೋವಾಕ್ಕೆ ಹೋಗುವ ಹಡಗು ಎರಡು, ಒಂದು ದೊಡ್ಡದು, ಒಂದು ಸಣ್ಣದು ಎಂದು ತಿಳಿದುಕೊಂಡಳು. ಅಷ್ಟಕ್ಕೇ ಬಿಡದೆ ಹಿಂದಿನ ಓಣಿಯ ಹಜ್ಜನ್‌ಬೀಯ ಮನೆಗೆ ಹೋಗಿ ಕೂತಳು. ಗಂಡನ ಜೊತೆ ಮೆಕ್ಕಾಕ್ಕೆ ಹೋಗಿ ಬಂದ ಆಕೆ ನಮಗೆ ಗೊತ್ತಿದ್ದವರಲ್ಲಿ ಹಡಗು ಹತ್ತಿದ್ದ ಒಬ್ಬಳೇ ಹೆಂಗಸು. ಆಕೆ ಹೇಳಿದ್ದನ್ನು ಅತ್ತಿ ಮನೆಗೆ ಬಂದು ಒಪ್ಪಿಸಿದಳು: ಹಡಗಿನ ಮೂಗಿನ ಹತ್ತಿರ ಕೋಣೆ ತಗೋಬಾರದು, ಅಲ್ಲಿ ಏರಿಳಿತ ಹೆಚ್ಚು, ಮಕ್ಕಳು ಕಾರಿಕೊಳ್ಳುತ್ತವೆ. ಮೇಲಿನ ಬಯಲಿನಲ್ಲಿ ಹಗಲು ಚೆಂದ, ಹೊತ್ತು ಮುಳುಗಿದರೆ ಹಸಿಗಾಳಿ ಎಲುಬಿಗೆ ಹೋಗುತ್ತದೆ. ನಡುವೆ, ಎಂಜಿನ್ನಿನ ಹತ್ತಿರದ ಕೋಣೆ ಬೆಚ್ಚಗಿರುತ್ತದೆ, ನಾತ ಬಂದರೆ ಬರಲಿ. ಕಟಕಟೆಯ ಸಂದಿಯಲ್ಲಿ ಕೂಸು ತೂರುತ್ತದೋ ಇಲ್ಲವೋ ನೋಡಬೇಕು, ಪಾಯಖಾನೆ ಹತ್ತಿರ ಇದೆಯೋ ಕೇಳಬೇಕು.

ಇದನ್ನೆಲ್ಲ ಕೇಳಿ ಗಂಡಸರು ನಕ್ಕದ್ದೇ ನಕ್ಕದ್ದು. ದೊಡ್ಡಪ್ಪನಂತೂ, ಹಡಗೇನು ಎತ್ತೇ, ಬಾಯಿ ತೆಗೆಸಿ ಹಲ್ಲು ನೋಡಿ ಕೊಳ್ಳಲಿಕ್ಕೆ ಎಂದು ಅಂಗಡಿಯಲ್ಲೂ ಹೇಳಿಕೊಂಡು ತಿರುಗಿದ. ಅತ್ತಿ ನಗಲಿಲ್ಲ. ವ್ಯಾಪಾರಕ್ಕೆ ಬೊಂಬಾಯಿಗೆ ಹೊರಟಿದ್ದ ಅವನ ಎದುರು ನಿಂತು ಹೇಳಿದಳು.

“ಅಣ್ಣಾ, ದೊಡ್ಡ ಹಡಗಾ ತಗೋ. ನಡುವಿನ ಕ್ವಾಣಿ ಹೆಂಗಸರಿಗಿ ಹುಡುಗರಿಗಿ ಇರಲಿ. ನಾವು ಹೊಂಟಿದ್ದೇ ಈ ಕೂಸಿನ ಉಸರಿನ ಸಲುವಾಗಿ.”

ಅವನು ಹೂಂ ಎಂದ. ಹೋಗಿ ಸಣ್ಣ ಹಡಗಿಗೆ ಟಿಕೆಟು ಮಾಡಿಸಿಕೊಂಡು ಬಂದ. ಯಾಕೆಂದರೆ ದೊಡ್ಡದು ಮಂಗಳವಾರ ಬಿಡುತ್ತದೆ, ಮಂಗಳವಾರ ಪ್ರಯಾಣ ಒಳ್ಳೆಯದಲ್ಲ. ಸಣ್ಣದು ಸೋಮವಾರ ಬಿಡುತ್ತದೆ, ಶಿವನ ವಾರ. ದಿನ ತಿಥಿ ನೋಡುವುದನ್ನು ಬಿಡಿರೆಂದು ಶರಣರು ಸಾರಿದ ಕಲ್ಯಾಣ ಇಲ್ಲೇ ಪಕ್ಕದಲ್ಲಿದೆ, ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಉದ್ದಕ್ಕೆ ಅಡ್ಡ ಬೀಳುವ ಮನುಷ್ಯ ಇವನು. ಮನೆ ಬಿಡುವುದು ಶನಿವಾರ ಅಲ್ಲವೇ, ಹಡಗಿನ ಮಂಗಳವಾರಕ್ಕೂ ನಮಗೂ ಏನು ಸಂಬಂಧ ಎಂದು ಅತ್ತಿ ಕೇಳಿದಳು. ದೊಡ್ಡಪ್ಪ ಟಿಕೆಟು ಮಡಚಿ ಕಿಸೆಗೆ ಹಾಕಿಕೊಂಡ. ಕೋಣೆ ಇದೆಯೇ ಎಂದಳು. ಇದೆ, ಎಲ್ಲ ವ್ಯವಸ್ಥೆ ಆಗಿದೆ ಎಂದ.

ಸೊಲ್ಲಾಪುರಕ್ಕೆ ಬಸ್ಸು, ಅಲ್ಲಿಂದ ರೈಲು, ಬೊಂಬಾಯಿಯ ಧಕ್ಕೆ. ಹುಡಗಿ ಎಂಬ ಊರಿನ ಬೀಗರು, ಎಂದರೆ ದೊಡ್ಡಪ್ಪನ ಮಗನ ಮಾವ, ತಮ್ಮ ಗೆಳೆಯನೊಬ್ಬನನ್ನು ಕರೆದುಕೊಂಡು ದಾರಿಯಲ್ಲೇ ಕೂಡಿಕೊಂಡಿದ್ದರು. ಹಡಗು ಹತ್ತಿದ ಮೇಲೆ ವ್ಯವಸ್ಥೆ ಏನೆಂದು ತಿಳಿಯಿತು. ಕೋಣೆ ಇದ್ದದ್ದು ಒಂದೇ. ಅದು ದೊಡ್ಡಪ್ಪನಿಗೆ, ಬೀಗರಿಗೆ, ಬೀಗರ ಗೆಳೆಯನಿಗೆ. ನಾಲ್ಕನೆಯ ಹಾಸಿಗೆಯ ಮೇಲೆ ಬೀಗರ ಟ್ರಂಕು ಮಲಗಿತ್ತು. ಹೆಂಗಸರು ಮಕ್ಕಳು ಮೇಲೆ ಬಯಲಿನಲ್ಲಿ ಜಮಖಾನೆ ಹಾಸಿಕೊಳ್ಳಬೇಕು. ಒಳ್ಳೆ ಗಾಳಿ ಬರುತ್ತದೆ, ಸಮುದ್ರ ಕಾಣುತ್ತದೆ ಎಂದು ದೊಡ್ಡಪ್ಪ ನಗುತ್ತ ಹೇಳಿ ಕೆಳಗಿಳಿದು ಹೋದ. ಅಪ್ಪ ಜಮಖಾನೆ ಬಿಚ್ಚಿ ಹಾಸಿದ. ಅಣ್ಣ ಅಂದದ್ದಕ್ಕೆ ಎದುರಾಡಿ ಅವನಿಗೆ ಗೊತ್ತೇ ಇರಲಿಲ್ಲ.

ಹಗಲು ಹೇಗೋ ಕಳೆಯಿತು. ಹೊತ್ತು ಮುಳುಗಿ ದೀಪ ಹತ್ತುವ ವೇಳೆಗೆ ಗಾಳಿ ಎದ್ದಿತು. ಹೊದಿಕೆ ಹೊದ್ದರೆ ಹಾರುತ್ತಿತ್ತು, ಮುಟ್ಟಿದರೆ ಒದ್ದೆ. ಚನ್ನು ಮೊದಲು ಕೆಮ್ಮಿದ, ಆಮೇಲೆ ಕೆಮ್ಮಲೂ ಆಗದೆ ಬಾಯಿ ತೆರೆದು ಕೂತ. ತುಟಿ ಕಪ್ಪಾಗತೊಡಗಿತು. ಅವ್ವ ಅಳಲು ಹತ್ತಿದಳು. ಅತ್ತಿ ಅಪ್ಪನ ಕಡೆ ನೋಡಿದಳು. ಅಪ್ಪ, ಬೀಗರು ಇದ್ದಾರೆ, ಹೇಗೆ ಹೇಳುವುದು, ಸ್ವಲ್ಪ ಹೊತ್ತು ನೋಡೋಣ ಎಂದ. ಹೆತ್ತ ತಂದೆ ಆಡಿದ ಮಾತು ಇದು. ಅತ್ತಿ ಇನ್ನೊಮ್ಮೆ ಅವನ ಕಡೆ ತಿರುಗಲಿಲ್ಲ. ಚನ್ನುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ನಮಗೆಲ್ಲ ಹಿಂದೆ ಬರಲು ಹೇಳಿ, ಕಬ್ಬಿಣದ ಮೆಟ್ಟಿಲು ಇಳಿದಳು.

ಒಳಗೆ ಬೆಚ್ಚಗಿತ್ತು. ಮೂವರೂ ಇಸ್ಪೀಟು ಆಡುತ್ತಿದ್ದರು. ಮೈಮೇಲೆ ಬನಿಯನ್ನು ಮಾತ್ರ, ಅಷ್ಟು ಬೆಚ್ಚಗೆ.

“ಜನಾಬ್, ಬಚ್ಚೇ ಕಾ ದಮ್ ಘುಟ್ ರಹಾ ಹೈ. ಆಪ್ ಬಾಹರ್ ತಶ್ರೀಫ್ ಲೇ ಜಾಯಿಯೇ” ಎಂದಳು ಅತ್ತಿ. ಮಗುವಿನ ಉಸಿರು ಕಟ್ಟುತ್ತಿದೆ, ತಾವು ಹೊರಗೆ ದಯಮಾಡಿಸಬೇಕು ಎಂದು.

ಬೀಗರು ಎಲೆ ಕೆಳಗಿಟ್ಟು ಎದ್ದರು. ಅವರ ಗೆಳೆಯನೂ ಎದ್ದ. ದೊಡ್ಡಪ್ಪ ಕೂತಲ್ಲೇ ಕೂತು, “ಸುಗಲಾ, ಬೀಗರ ಮುಂದ ಮರ್ಯಾದಿ ಕಳೀಬ್ಯಾಡ, ಮ್ಯಾಲ ನಡಿ” ಎಂದ. ಅತ್ತಿ ಬೀಗರ ಟ್ರಂಕು ಎಳೆದು ಹೊರಗೆ ಇಟ್ಟಳು. ಆಮೇಲೆ ಅವನ ಶಾಲು ತೆಗೆದು ಎರಡು ಕೈಯಲ್ಲಿ ಹಿಡಿದು, ಅತಿಥಿಗೆ ಕೊಡುವಂತೆ, ಅವನ ಮುಂದೆ ಚಾಚಿದಳು. ಅವನು ಎದ್ದು ಹೋದ. ಅತ್ತಿ ನಮ್ಮನ್ನೆಲ್ಲ ಒಳಗೆ ತುಂಬಿ, ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತು ಚನ್ನುವನ್ನು ಎದೆಗೆ ಒರಗಿಸಿಕೊಂಡಳು. ಹೊರಗಿನಿಂದ ದೊಡ್ಡಪ್ಪ ಒಂದೆರಡು ಸಲ ಬಾಗಿಲು ಬಡಿದ. ಅವಳು ಅಲುಗಲಿಲ್ಲ. ಬೆಳಗಾಗುವ ಹೊತ್ತಿಗೆ ಚನ್ನುವಿನ ಉಸಿರು ಹದಕ್ಕೆ ಬಂದು ನಿದ್ದೆ ಹತ್ತಿತ್ತು.

ಗೋವಾದಲ್ಲಿ ದೊಡ್ಡಪ್ಪ ಅವಳ ಜೊತೆ ಮಾತಾಡಲಿಲ್ಲ. ಹುಮನಾಬಾದಿಗೆ ತಿರುಗಿ ಬಂದ ದಿನ, ಚಪ್ಪಲಿ ಕಳೆಯುವ ಮೊದಲೇ ಪಡಸಾಲೆಯಲ್ಲಿ ನಿಂತು, “ಗಂಡಸರನ್ನ ಹೊರಗ ಹಾಕಿ ಬಾಗಲಾ ಹಾಕ್ಕೊಳ್ಳೋರಿಗಿ ಈ ಮನ್ಯಾಗ ಜಾಗಾ ಇಲ್ಲ” ಎಂದ. ಅಪ್ಪ ಅಲ್ಲೇ ಇದ್ದ. ಮಗನ ಕೈ ಹಿಡಿದುಕೊಂಡೇ ನಿಂತಿದ್ದ, ಜೀವಂತ ಮಗನ ಕೈ. ಒಂದೇ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಅತ್ತಿಯೂ ಏನೂ ಅನ್ನಲಿಲ್ಲ. ಎರಡು ಸೀರೆ, ಒಂದು ತಂಬಿಗೆ ಗಂಟು ಕಟ್ಟಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದಳು.

ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಡುಗೆಯ ಕೆಲಸ ಸಿಕ್ಕಿತು. ಕೋಟೆಯ ಹಿಂದುಗಡೆ ತಗಡಿನ ಒಂದು ಕೋಣೆಯಲ್ಲಿ ಇರುತ್ತಿದ್ದಳು. ಕಾಲೇಜಿಗೆ ಹೋಗುವ ವಯಸ್ಸು ಬಂದ ಮೇಲೆ ನಾನು ಮನೆಯಲ್ಲಿ ಹೇಳದೆ ಅವಳನ್ನು ನೋಡಲು ಹೋಗುತ್ತಿದ್ದೆ. ಹಾಸ್ಟೆಲ್ಲಿನ ಹುಡುಗಿಯರಿಗೆ ಚಳಿಗಾಲದಲ್ಲಿ ಬಿಸಿನೀರು ಕೊಡಿಸಲು ಅವಳು ಯಾರು ಯಾರನ್ನು ಜನಾಬ್ ಎಂದು ಕರೆದಳೆಂಬ ಕಥೆಗಳನ್ನು ಆ ಹುಡುಗಿಯರೇ ನನಗೆ ಹೇಳಿ ನಗುತ್ತಿದ್ದರು. ನಮ್ಮ ಮನೆಯ ಸುದ್ದಿ ಬಂದರೆ ಮಾತ್ರ ಅವಳು ಚನ್ನು ಹೇಗಿದ್ದಾನೆ ಎಂದಷ್ಟೇ ಕೇಳುತ್ತಿದ್ದಳು. ಚನ್ನು ದೊಡ್ಡಪ್ಪನ ಅಂಗಡಿಯ ಗಾದಿಯ ಮೇಲೆ ಕೂತು ವ್ಯಾಪಾರ ಕಲಿಯುತ್ತಿದ್ದ. ಅವಳನ್ನು ನೋಡಲು ಒಮ್ಮೆಯೂ ಬರಲಿಲ್ಲ.

ಕೊನೆಯ ಸಲ ಹೋದಾಗ ಅವಳು ಹಾಸಿಗೆ ಹಿಡಿದಿದ್ದಳು. ನನಗೆ ತಡೆಯಲಾಗಲಿಲ್ಲ. ಇಡೀ ಊರಿನ ಮಕ್ಕಳಿಗಾಗಿ ಜಗಳ ಆಡಿದವಳು ನೀನು, ನಿನ್ನನ್ನು ಬೇಮಳಖೇಡದಿಂದ ಹೊರಗೆ ಹಾಕಿದರು, ಹುಮನಾಬಾದಿನಿಂದ ಹೊರಗೆ ಹಾಕಿದರು, ಒಮ್ಮೆಯಾದರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಅವಳ ಮೇಲೇ ರೇಗಿದೆ. ಅವಳು ನನ್ನ ಕೈ ಹಿಡಿದು ಹಾಸಿಗೆಯ ಅಂಚಿಗೆ ಕೂಡಿಸಿಕೊಂಡಳು.

“ನನ್ನ ಸಲುವಾಗಿ ನಾನು ಸಿಟ್ಟ ಮಾಡಬೇಕಂತ ನನಗ ಯಾರೂ ಕಲಿಸಲಿಲ್ಲವ್ವಾ” ಎಂದಳು.

ಅವಳು ತೀರಿಕೊಂಡ ದಿನ ಮಣ್ಣಿಗೆ ನಮ್ಮ ಮನೆಯವರೆಲ್ಲ ಜೀಪು ಮಾಡಿಕೊಂಡು ಬಂದರು. ತಗಡಿನ ಕೋಣೆಯ ಮುಂದೆ ಅವಳನ್ನು ಕೂಡಿಸಿ ವಿಭೂತಿ ಹಚ್ಚಿದ್ದರು. ಹಾಸ್ಟೆಲ್ಲಿನ ಹುಡುಗಿಯರು ಅಳುತ್ತಿದ್ದರು. ದೊಡ್ಡಪ್ಪ ಕುರ್ಚಿ ತರಿಸಿಕೊಂಡು ಕೂತು, ನೆರೆದ ಜನಕ್ಕೆ ಹೇಳತೊಡಗಿದ.

“ನನ್ನ ತಂಗಿಗಿ ನಾ ಏನೂ ಕಡಿಮಿ ಮಾಡಿಲ್ರಿ. ಆ ಕಾಲದಾಗೇ ಹಡಗಿನಾಗ ಗೋವಾಕ್ಕ ಕರಕೊಂಡು ಹೋಗೀನಿ. ಹುಡುಗರಿಗಿ ಥಂಡಿ ಹತ್ತಬಾರದಂತ ಬೊಂಬಾಯಿಗಿ ಹೋಗಿ ಹಡಗಾ ನಾನೇ ಆರಿಸಿ ಬಂದಿದ್ದೆ.”

ಜನ ತಲೆಯಾಡಿಸಿದರು. ಅಂಥ ಅಣ್ಣ ಸಿಗುವುದು ಪುಣ್ಯವೆಂದು ಯಾರೋ ಅಂದರು. ನಾನು ಎದ್ದು ನಿಂತೆ.

“ದೊಡ್ಡಪ್ಪಾ, ಆ ರಾತ್ರಿ ನೀವು ಎಲ್ಲಿ ಮಲಗಿದ್ರಿ?”

ಅವ್ವ ನನ್ನ ಸೆರಗು ಎಳೆದಳು. ಅಪ್ಪ ನೆಲ ನೋಡಿದ. ದೊಡ್ಡಪ್ಪ ಯಾವ ರಾತ್ರಿ, ಏನು ಎಂದು ತಡವರಿಸಿದ. ಗೋಡೆಗೆ ಒರಗಿ ನಿಂತಿದ್ದ ಚನ್ನು ಆಗ ಬಾಯಿ ತೆರೆದ.

“ಮ್ಯಾಲ, ಗಾಳ್ಯಾಗ ಮಲಗಿದ್ರು. ಒಳಗ ನಾ ಮಲಗಿದ್ದೆ. ಅತ್ತಿ ಇವರನ್ನ ಹೊರಗ ಹಾಕಿ ಬಾಗಲಿಗಿ ಬೆನ್ನ ಕೊಟ್ಟು ಕೂತಿದ್ಲು.”

ಅಷ್ಟು ಹೇಳಲು ಅವನಿಗೆ ನಾಲಿಗೆ ಬಂದದ್ದು ಅವಳು ಹೋದ ಮೇಲೆ. ಹೆಗಲು ಕೊಡಲು ದೊಡ್ಡಪ್ಪ ಮುಂದೆ ಬಂದಾಗ ಚನ್ನು ಅವನನ್ನು ಪಕ್ಕಕ್ಕೆ ಸರಿಸಿ ತಾನು ನಿಂತ. ಜನ ಅವನನ್ನು ಮೆಚ್ಚಿಕೊಂಡರು. ನಾನು ಮೆಚ್ಚಲಿಲ್ಲ. ಆ ಹೆಗಲು ಅವಳಿಗೆ ಬೇಕಾಗಿದ್ದದ್ದು ಅವಳು ಗಂಟು ಹೊತ್ತು ಬಸ್ಸಿಗೆ ನಡೆದ ದಿನ.