ಕೈ ಹಿಂದೆ ಕಟ್ಟಿ ನಿಂತ ಕೈಯಣ್ಣ

ನಮ್ಮ ಭಾವನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಅಕ್ಕನಿಗೆ ಇವತ್ತಿಗೂ ಮುಜುಗರ. ಜೆಟ್ಟಿಯಲ್ಲಿ ಮೇಲ್ವಿಚಾರಣೆ ಎನ್ನುತ್ತಾಳೆ, ದೋಣಿ ಸಂಘದಲ್ಲಿ ಹಿರಿಯ ಹುದ್ದೆ ಎನ್ನುತ್ತಾಳೆ. ನಿಜ ಹೇಳಬೇಕೆಂದರೆ ಭಾವ ಮೂವತ್ತೊಂದು ವರ್ಷದಿಂದ ಮಾಡಿಕೊಂಡು ಬಂದದ್ದು ಒಂದೇ ಕೆಲಸ. ದೋಣಿಯಿಂದ ನಮ್ಮ ದ್ವೀಪಕ್ಕೆ ಕಾಲಿಡುವವರಿಗೆ ಕೈ ಕೊಡುವುದು. ಕೈ ಕೊಡುವವರು ಎಲ್ಲ ಊರಲ್ಲೂ ಇರುತ್ತಾರೆ, ಅದಕ್ಕೆಂದೇ ನೇಮಕವಾದವರು ನಮ್ಮ ಭಾವ ಒಬ್ಬರೇ ಎಂದು ನಾನು ಕಿಚಾಯಿಸಿದರೆ ಅಕ್ಕ ಸೌಟು ಎತ್ತುತ್ತಾಳೆ.

ಕೆಲಸ ಸಣ್ಣದಲ್ಲ. ಜೆಟ್ಟಿಯ ಕೊನೆಯ ಮೆಟ್ಟಿಲಿಗೂ ದೋಣಿಯ ಅಂಚಿಗೂ ನಡುವೆ ಒಂದು ಮೊಳ ಸಂದು. ದೋಣಿಯೋ ಅಲೆ ಬಂದರೆ ಸೊಂಟದೆತ್ತರ ಏರುತ್ತದೆ, ಹೋದರೆ ಅಷ್ಟೇ ಇಳಿಯುತ್ತದೆ. ಹಿಂದೆ ಹಲಗೆ ಹಾಕಿ ನೋಡಿದ್ದರಂತೆ. ಮೂರು ಹಲಗೆ ಸಮುದ್ರದ ಪಾಲಾದ ಮೇಲೆ ಆ ಯೋಚನೆ ಬಿಟ್ಟು ಭಾವನನ್ನು ನಿಲ್ಲಿಸಿದರು. ಬೆಳಿಗ್ಗೆ ಎಂಟಕ್ಕೆ ಎಡಗಾಲು ಮುಂದಿಟ್ಟು, ಬಲಗೈ ಚಾಚಿ ನಿಂತರೆಂದರೆ ಸಂಜೆಯ ದೋಣಿ ಖಾಲಿಯಾಗುವವರೆಗೆ ಕದಲುವವರಲ್ಲ. ಹೊಸದಾಗಿ ಮದುವೆಯಾದವರು, ಊರುಗೋಲಿನವರು, ಮೊಣಕಾಲು ನಡುಗುವವರು, ಎಲ್ಲರೂ ಆ ಕೈ ಹಿಡಿದೇ ದಾಟಿದವರು. ಒಬ್ಬರೂ ನೀರಿಗೆ ಬಿದ್ದಿಲ್ಲ. ಮಾತು ಮಾತ್ರ ಇಲ್ಲ, ಆ ಇಲಾಖೆಯನ್ನು ಮದುವೆಯ ದಿನವೇ ಅಕ್ಕನಿಗೆ ಬಿಟ್ಟುಕೊಟ್ಟಿದ್ದಾರೆ. ಊರಿಗೆಲ್ಲ ಅವರು ಕೈಯಣ್ಣ.

ನಾನು ದ್ವೀಪದ ಆರೋಗ್ಯ ಕೇಂದ್ರದ ನರ್ಸ್. ಕೇಂದ್ರ ಎಂದರೆ ಒಂದು ಕೋಣೆ, ಎರಡು ಮಂಚ, ಒಂದು ಆಮ್ಲಜನಕದ ಸಿಲಿಂಡರ್ ಮತ್ತು ಮೂಗಿನ ತುದಿಯಲ್ಲೇ ಸಿಟ್ಟಿರುವ ನಾನು. ಆಚೆ ದಡದ ದೊಡ್ಡಾಸ್ಪತ್ರೆಗೆ ದೋಣಿಯಲ್ಲಿ ಒಂದೂವರೆ ಗಂಟೆಯ ದಾರಿ. ಸೋಂಕು ಶುರುವಾದಾಗ ಪ್ರವಾಸಿಗರ ದೋಣಿ ನಿಲ್ಲಿಸಿ ಎಂದು ಮೊದಲು ಕೂಗಾಡಿದವಳು ನಾನೇ. ನಿಲ್ಲಿಸಿದರು. ಹದಿನಾಲ್ಕು ತಿಂಗಳು ಹೋಟೆಲುಗಳ ಕಿಟಕಿ ತೆರೆಯಲಿಲ್ಲ, ಯಾರೂ ಮಲಗದ ಹಾಸಿಗೆಗಳು ಬಿಸಿಲಿಗೆ ಬಿದ್ದು ಬಿದ್ದು ಬಣ್ಣಗೆಟ್ಟವು. ಭಾವ ಆಗಲೂ ದಿನಾ ಎಂಟಕ್ಕೆ ಹೋಗಿ ಮೆಟ್ಟಿಲ ಪಾಚಿ ಉಜ್ಜಿ ಬರುತ್ತಿದ್ದರು.

ಹಾಗಿರುವಾಗ ಆಚೆ ದಡದಿಂದ ಕಾಗದ ಬಂತು. ಊರಿನವರಿಗೆಲ್ಲ ಎರಡೂ ಡೋಸ್ ಲಸಿಕೆ ಆಗಿದ್ದು, ಸುರಕ್ಷತೆಯ ತಾಲೀಮು ನಡೆಸಿ ತೋರಿಸಿದರೆ ದ್ವೀಪವನ್ನು ಮತ್ತೆ ತೆರೆಯಬಹುದು. ಲಸಿಕೆಯ ಚಿಂತೆ ಇರಲಿಲ್ಲ. ಹಿಟ್ಟಿನ ಮೂಟೆಗಳ ಹಿಂದೆ ಅಡಗಿದ್ದ ಬೇಕರಿಯವನನ್ನೂ ಬಿಡದೆ ಎಳೆದು ತಂದು ಚುಚ್ಚಿದ್ದೆ. ಊರಿಗೆ ಊರೇ ಎದ್ದು ಕುಣಿಯಿತು. ಬಾಗಿಲುಗಳಿಗೆ ಬಣ್ಣ ಬಿತ್ತು, ಹೋಟೆಲಿನವರು ತುಕ್ಕು ಹಿಡಿದ ಬೀಗಗಳಿಗೆ ಎಣ್ಣೆ ಬಿಟ್ಟರು. ನಿಯಮ ಬರೆಯುವ ಭಾರ ನನ್ನ ಮೇಲೆ ಬಿತ್ತು. ಮಾಸ್ಕ್, ಎರಡು ದಿನದೊಳಗಿನ ಪರೀಕ್ಷೆಯ ಚೀಟಿ, ದೋಣಿಯಲ್ಲಿ ಅರ್ಧ ಜನ, ಕೋಣೆಯ ಕಿಟಕಿ ಸದಾ ತೆರೆದಿರಬೇಕು. ಎಲ್ಲಕ್ಕೂ ಮೇಲೆ ದಪ್ಪಕ್ಷರದಲ್ಲಿ, ‘ಯಾರೂ ಯಾರನ್ನೂ ಮುಟ್ಟತಕ್ಕದ್ದಲ್ಲ’. ಬರೆಯುವಾಗ ಭಾವನ ನೆನಪಾಗಲಿಲ್ಲ. ಸುಳ್ಳೇಕೆ, ನೆನಪಾಯಿತು. ಅವರ ಪಕ್ಕದಲ್ಲಿ ಒಂದು ಸ್ಯಾನಿಟೈಸರ್ ಬಾಟಲಿ ಇಟ್ಟು, ಒಬ್ಬೊಬ್ಬರ ಕೈ ಹಿಡಿದ ಮೇಲೂ ಉಜ್ಜಿಕೊಂಡರಾಯಿತು ಎಂದು ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದೆ.

ತಾಲೀಮಿನ ದಿನ ಪರಿಶೀಲನೆಗೆ ಆಚೆ ದಡದ ಅಧಿಕಾರಿ ಬಂದರು. ತೆಳ್ಳಗೆ, ಗಂಭೀರವಾಗಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ನಮ್ಮವರೇ ಇಪ್ಪತ್ನಾಲ್ಕು ಜನ ಪ್ರವಾಸಿಗರ ವೇಷ ಹಾಕಿ ದೋಣಿ ಹತ್ತಿದ್ದರು. ಕ್ಷೌರಿಕ ಹೂವಿನ ಅಂಗಿ ತೊಟ್ಟಿದ್ದ. ಅಕ್ಕ ಅಗಲ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು, ನೋಡದ ಕೋಣೆಯ ಬಗ್ಗೆ ಆಗಲೇ ದೂರು ಹೇಳುತ್ತಿದ್ದಳು. ಎಲ್ಲರಿಗೂ ಹಿಗ್ಗೋ ಹಿಗ್ಗು, ನನಗೂ. ನಾನೊಂದು ಉಪಾಯ ಮಾಡಿದ್ದೆ. ಬಟ್ಟೆಗೆ ಹಾಕುವ ನೀಲಿಯನ್ನು ಒಂದಿಷ್ಟು ಮುಲಾಮಿನಲ್ಲಿ ಕಲಸಿ ಕ್ಷೌರಿಕನ ಅಂಗೈಗೆ ಬಳಿದಿದ್ದೆ. ನೀಲಿಯೇ ಸೋಂಕು ಎಂದುಕೊಳ್ಳಿ. ಮೊದಲು ಇಳಿಯುವವನು ಅವನು. ಭಾವ ಕೈ ಉಜ್ಜಿಕೊಳ್ಳುತ್ತಾರೆ, ನೀಲಿ ಅಲ್ಲಿಗೇ ನಿಲ್ಲುತ್ತದೆ, ಅಧಿಕಾರಿ ತಲೆದೂಗುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅಲೆ ಕಾಯುತ್ತದೆಯೇ? ಕ್ಷೌರಿಕ ದಾಟುವಷ್ಟರಲ್ಲಿ ಹಿಂದಿನವರ ಕಾಲು ಎದ್ದಿತ್ತು, ಅವರನ್ನು ಹಿಡಿಯದಿದ್ದರೆ ನೀರಿಗೇ. ಭಾವನ ಕೈ ಬಾಟಲಿಯ ಕಡೆ ಹೋಗಲೇ ಇಲ್ಲ. ಎಲ್ಲರೂ ಇಳಿದ ಮೇಲೆ ಅಂಗೈ ತೋರಿಸಿ ಎಂದೆ. ಇಪ್ಪತ್ನಾಲ್ಕೂ ನೀಲಿ. ಅಕ್ಕ ನಡುವೆ ಮಾಸ್ಕ್ ಸರಿಮಾಡಿಕೊಂಡಿದ್ದರಿಂದ ಅವಳ ಮೂಗೂ ನೀಲಿ. ಅಧಿಕಾರಿ ಒಬ್ಬೊಬ್ಬರ ಕೈಯನ್ನೂ ನೋಡಿ, ಕೊನೆಗೆ ಭಾವನ ಕೈ ನೋಡಿ, ಹಾಳೆಯಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿದರು. ಮೆಟ್ಟಿಲಿನಿಂದ ಈ ವ್ಯಕ್ತಿಯನ್ನು ತೆಗೆಯಬೇಕು. ಅಲ್ಲಿ ಉಕ್ಕಿನ ಕಂಬಿ ಹಾಕಬೇಕು. ಹತ್ತು ದಿನ ಬಿಟ್ಟು ಇನ್ನೊಮ್ಮೆ ಬರುತ್ತೇನೆ, ಆಗಲೂ ಸರಿಯಿಲ್ಲದಿದ್ದರೆ ಈ ಋತುವಿಗೆ ದ್ವೀಪ ತೆರೆಯುವುದಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ. ಆದರೆ ಮಾಡಿದವಳು ನಾನು, ಉಂಡವರು ಭಾವ. ಸಂಜೆ ಅಕ್ಕನ ಮನೆಗೆ ಹೋದರೆ ಅಕ್ಕ ಮೂಗು ಉಜ್ಜುತ್ತಲೇ ಬಾಗಿಲು ತೆರೆದು, ನನ್ನ ಮುಖ ನೋಡದೆ ಒಳಗೆ ಹೋದಳು. ಭಾವ ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದರು. ಎಷ್ಟು ತೊಳೆದರೂ ಹೋಗದ ನೀಲಿ ಬಲಗೈಯ ಗೆರೆಗಳಲ್ಲಿ ಹಾಗೇ ಉಳಿದಿತ್ತು. ಆ ಕೈಯನ್ನು ಮೇಜಿನ ಮೇಲೆ ಇಡುತ್ತಿದ್ದರು, ತೊಡೆಯ ಮೇಲೆ ಇಡುತ್ತಿದ್ದರು, ಮತ್ತೆ ಮೇಜಿಗೆ ತರುತ್ತಿದ್ದರು. ನನಗೆ ಅಳು ಬಂತು, ಅದಕ್ಕೇ ಗದರಿದೆ. ಬಾಟಲಿ ಯಾಕೆ ಮುಟ್ಟಲಿಲ್ಲ ಎಂದೆ.

“ನೀನು ಬರೆದಿದ್ದು ಸರಿಯಾಗೇ ಇದೆ ಕಣಮ್ಮ,” ಎಂದರು ಭಾವ. “ನನಗೆ ಅರ್ಥ ಆಗುತ್ತೆ. ಈ ಕೈಗೆ ಅರ್ಥ ಮಾಡಿಸೋದು ಹೇಗೆ ಹೇಳು.”

ಕಮ್ಮಾರ ನಾಲ್ಕೇ ದಿನದಲ್ಲಿ ಕಂಬಿ ಬೆಸೆದ. ಮೆಟ್ಟಿಲಿನಿಂದ ದೋಣಿಯ ಕಡೆಗೆ ಬಾಗಿದ, ಫಳಫಳ ಹೊಳೆಯುವ ಕಂಬಿ. ಊರವರು ಗುಂಪಾಗಿ ಬಂದು ನೋಡಿ, ಚೆನ್ನಾಗಿದೆ ಎಂದು ಸಪ್ಪೆ ಮುಖದಲ್ಲಿ ಹೇಳಿ ಹೋದರು. ಭಾವ ಅದರ ಬುಡವನ್ನು ಅಲ್ಲಾಡಿಸಿ ನೋಡಿ, ಒಂದು ಬೋಲ್ಟ್ ಬಿಗಿ ಮಾಡಿಸಿದರು. ತನ್ನ ಕೆಲಸ ಕಿತ್ತುಕೊಂಡ ಕಂಬಿಯ ಬೋಲ್ಟನ್ನು ಬಿಗಿ ಮಾಡಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯ ಪರಿಶೀಲನೆಯ ದಿನ ಗಾಳಿ ಜೋರಾಗಿತ್ತು. ಅದೇ ಇಪ್ಪತ್ನಾಲ್ಕು ಜನ, ಅದೇ ಕ್ಷೌರಿಕನ ಕೈಗೆ ಅದೇ ನೀಲಿ. ಈ ಸಲ ಅಧಿಕಾರಿಯೇ ಹಠ ಮಾಡಿ ಬಳಿಸಿದ್ದರು. ಭಾವನನ್ನು ಆರು ಮಾರು ದೂರ, ಜೆಟ್ಟಿಯ ಮೇಲೆ ನಿಲ್ಲಿಸಿದ್ದೆ. ಕೈ ತಾನಾಗಿ ಮುಂದೆ ಬರದಿರಲೆಂದು ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಹೆಣೆದುಕೊಂಡಿದ್ದರು. ಕ್ಷೌರಿಕ ಕಂಬಿ ಹಿಡಿದು ದಾಟಿದ. ಹಿಂದಿನವರು ಎರಡೂ ಕೈಯಲ್ಲಿ ತಬ್ಬಿಕೊಂಡು ದಾಟಿದರು. ಒಬ್ಬರು ಬಿಡುವ ಮೊದಲೇ ಇನ್ನೊಬ್ಬರು ಹಿಡಿಯುತ್ತಿದ್ದರು. ಹೀಗೆ ಒಂಬತ್ತು ಜನ ಇಳಿದರು. ಹತ್ತನೆಯವನು ನಮ್ಮ ಬೇಕರಿಯವನು. ಕಂಬಿ ಹಿಡಿದಿದ್ದಾನೆ, ಕಾಲು ಎತ್ತಿದ್ದಾನೆ, ದೋಣಿ ಸರ್ರನೆ ಕೆಳಗಿಳಿಯುತ್ತಿದೆ.

“ನಿಲ್ಲು!”

ಜೆಟ್ಟಿಯೇ ಬೆಚ್ಚಿತು. ಭಾವನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ಅಕ್ಕನಿಗೂ ಗೊತ್ತಿರಲಿಲ್ಲ. ಬೇಕರಿಯವನ ಕಾಲು ಗಾಳಿಯಲ್ಲೇ ನಿಂತು ವಾಪಸು ದೋಣಿಗೆ ಬಂತು.

“ಕಂಬಿ ಬಿಡು. ನನ್ನ ನೋಡು. ಇದು ಬೇಡ... ಇದೂ ಬೇಡ... ಈಗ.”

ಬೇಕರಿಯವನು ಕಾಲಿಟ್ಟ. ದೋಣಿಯ ಅಂಚು ಮೆಟ್ಟಿಲಿಗೆ ಸಮನಾಗಿ ಬಂದು ನಿಂತ ಒಂದು ಕ್ಷಣವಿತ್ತಲ್ಲ, ಆ ಕ್ಷಣದಲ್ಲಿ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಆಚೆಯಿಂದ ಈಚೆಗೆ ಬಂದುಬಿಟ್ಟಿದ್ದ. ಏನನ್ನೂ ಹಿಡಿದಿರಲಿಲ್ಲ. ಹನ್ನೊಂದನೆಯವಳು ಅಕ್ಕ. ಗಂಡನ ಮಾತನ್ನು ಅವಳು ಕೇಳಿದ್ದು ಅಂದೇ ಮೊದಲಿರಬೇಕು. ‘ಈಗ’ ಎಂದರು, ಟೋಪಿ ಹಿಡಿದುಕೊಂಡು ದಾಟಿದಳು. ಆಮೇಲೆ ನೋಡಬೇಕಿತ್ತು. ಈಗ, ಒಬ್ಬರು. ತಡಿ, ಬೇಡ, ಈಗ, ಇನ್ನೊಬ್ಬರು. ಭಾವನ ಕೈ ಬೆನ್ನ ಹಿಂದೆ, ಕಣ್ಣು ಅಲೆಯ ಮೇಲೆ. ಮೂವತ್ತೊಂದು ವರ್ಷ ಆ ಕೈ ನಮ್ಮನ್ನು ಎತ್ತುತ್ತದೆ ಎಂದುಕೊಂಡಿದ್ದೆವು. ಯಾವ ಅಲೆಗೆ ಕಾಲಿಡಬೇಕೆಂದು ಅವರ ಕಣ್ಣು ಆರಿಸುತ್ತಿತ್ತು, ಕೈ ಅದನ್ನು ನಮಗೆ ತಿಳಿಸುತ್ತಿತ್ತು ಅಷ್ಟೇ.

ಅಂಗೈ ತೋರಿಸಿ ಎಂದೆ. ಕಂಬಿ ಹಿಡಿದಿದ್ದ ಬೇಕರಿಯವನವರೆಗೆ ಹತ್ತೂ ಜನ ನೀಲಿ. ಅಕ್ಕನಿಂದ ಹಿಡಿದು ಕೊನೆಯವರ ತನಕ ಹದಿನಾಲ್ಕೂ ಜನರ ಕೈ ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ಅಧಿಕಾರಿ ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು. ಆಮೇಲೆ ಹಾಳೆಯನ್ನು ನನ್ನ ಕೈಗೆ ಕೊಟ್ಟು ತಾವೇ ದೋಣಿ ಹತ್ತಿದರು. ಅಂಚಿನಲ್ಲಿ ನಿಂತಾಗ ಅವರ ಕೈಯೂ ಕಂಬಿಯ ಕಡೆ ಹೋಗಿ ವಾಪಸು ಬಂತು, ನಾನು ನೋಡಿದೆ. ಭಾವ ಅವರನ್ನು ಬೇಕೆಂದೇ ನಾಲ್ಕು ಅಲೆ ಕಾಯಿಸಿದರೋ ಏನೋ, ನಾನಂತೂ ಕೇಳಲು ಹೋಗಲಿಲ್ಲ. ‘ಈಗ’ ಎಂದಾಗ ಅಧಿಕಾರಿ ದಾಟಿ ಬಂದು, ತಮ್ಮ ಎರಡೂ ಅಂಗೈಯನ್ನು ತಾವೇ ತಿರುಗಿಸಿ ನೋಡಿಕೊಂಡರು.

“ಕಂಬಿ ತೆಗೆಸಿ,” ಎಂದರು. “ಇವರು ಇರಲಿ.”

ಆ ಸಂಜೆಯೇ ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿದೆ. ಜಾರುವವರನ್ನು ಹಿಡಿಯಬಹುದು, ಹಿಡಿದರೆ ಇಬ್ಬರೂ ಸೋಪು ಹಚ್ಚಿ ಕೈ ತೊಳೆಯತಕ್ಕದ್ದು, ಕಾರಣವನ್ನು ನರ್ಸ್ ಪುಸ್ತಕದಲ್ಲಿ ಬರೆಯತಕ್ಕದ್ದು. ಈ ಸಲ ದಪ್ಪಕ್ಷರದಲ್ಲೇ ಬರೆದೆ. ಭಾವ ಮತ್ತೆ ಕೊನೆಯ ಮೆಟ್ಟಿಲಿಗೆ ಇಳಿದರು, ಪಕ್ಕದಲ್ಲಿ ನನ್ನ ಬಕೆಟ್ಟು ಮತ್ತು ಸೋಪು.

ತೆರೆದ ದಿನ ಬೆಳಿಗ್ಗೆ ಇಡೀ ದ್ವೀಪ ಗುಡ್ಡದ ರಸ್ತೆಯ ಉದ್ದಕ್ಕೂ ಎರಡೆರಡು ಮಾರು ಬಿಟ್ಟು ನಿಂತಿತ್ತು. ದೂರದಲ್ಲಿ ದೋಣಿ ಚುಕ್ಕೆಯಾಗಿ ಕಂಡದ್ದೇ ತಡ, ಹೋಟೆಲಿನವರು ತಟ್ಟೆ ಬಡಿದರು, ಕ್ಷೌರಿಕ ಅದೇ ಹೂವಿನ ಅಂಗಿಯಲ್ಲಿ ಕುಣಿದ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರ್ಧ ತುಂಬಿದ ದೋಣಿಯಲ್ಲಿ ಮೂವತ್ತು ಜನ. ಚೀಟಿ ನೋಡಿದೆ, ಜ್ವರ ನೋಡಿದೆ. ಭಾವ ಕೈ ಹಿಂದೆ ಕಟ್ಟಿ ನಿಂತರು. ಈಗ. ಈಗ. ಈಗ. ಇಪ್ಪತ್ತೊಂಬತ್ತು ಜನ ದಾಟಿದರು. ನಾನು ಪುಸ್ತಕ ತೆರೆಯಬೇಕಾಗಿ ಬರಲಿಲ್ಲ.

ಕೊನೆಯವರು ವರ್ಷ ವರ್ಷ ಬರುವ ಅಜ್ಜಿ. ನಿವೃತ್ತ ಮೇಷ್ಟರಮ್ಮ. ಹತ್ತೊಂಬತ್ತು ವರ್ಷದಿಂದ ಒಬ್ಬರೇ ಬಂದು, ಒಂದು ವಾರ ಇದ್ದು ಹೋಗುವವರು. ಅಂಚಿನಲ್ಲಿ ನಿಂತು ರೂಢಿಯಂತೆ ಕೈ ಚಾಚಿದರು. ಎದುರಿಗೆ ಕೈ ಇರಲಿಲ್ಲ. ಭಾವ ಮೆಲ್ಲಗೆ, ಕೈ ಇಲ್ಲೇ ಇದೆ ತಾಯಿ, ಬೇಕಾದರೆ ಬರುತ್ತದೆ, ನೀವು ಕಾಲಿಡಿ ಎಂದರು. ಎರಡು ಅಲೆ ಬಿಟ್ಟು ‘ಈಗ’ ಎಂದರು. ಅಜ್ಜಿ ಕಾಲಿಟ್ಟರು. ಕಾಲು ಕಲ್ಲಿನ ಮೇಲೆ ನೆಟ್ಟಗೆ ಬಿತ್ತು. ಆಮೇಲೆ ಅಯ್ಯೋ ಎಂದು ಹಾಗೇ ಮುಂದಕ್ಕೆ ವಾಲಿಬಿಟ್ಟರು. ಭಾವನ ಕೈ ಯಾರಪ್ಪಣೆಗೂ ಕಾಯದೆ ಬೆನ್ನ ಹಿಂದಿನಿಂದ ಬಂದು ಅವರ ಕೈ ಹಿಡಿಯಿತು.

ನಾನು ಬಕೆಟ್ಟು ಮುಂದೆ ಸರಿಸಿದೆ. ಇಬ್ಬರೂ ಸೋಪು ಹಚ್ಚಿಕೊಂಡರು. ಭಾವನದು ಬೇಗ ಮುಗಿಯಿತು. ಅಜ್ಜಿ ಮಾತ್ರ ನಿಧಾನವಾಗಿ, ಬಲಗೈಯನ್ನು ನೊರೆಯಲ್ಲಿ ಹಾಗೇ ಹಿಡಿದುಕೊಂಡು ನಿಂತರು.

“ತೊಳೀಲೇಬೇಕೇನಮ್ಮ?” ಎಂದು ನನ್ನನ್ನು ಕೇಳಿದರು. “ಹದಿನಾಲ್ಕು ತಿಂಗಳಾಯ್ತು, ಒಬ್ಬರೂ ನನ್ನ ಮುಟ್ಟಿರಲಿಲ್ಲ.”

ತೊಳೆಯಲೇಬೇಕು ಎಂದೆ. ತೊಳೆದರು, ಮಾಸ್ಕ್ ಸರಿಮಾಡಿಕೊಂಡು, ಹಗುರಾಗಿ ಮೆಟ್ಟಿಲು ಹತ್ತಿ ಹೋದರು. ನಾನು ಪುಸ್ತಕ ತೆರೆದು, ಕಾರಣ ಎಂಬಲ್ಲಿ ‘ಜಾರಿದರು’ ಎಂದು ಬರೆದೆ. ಭಾವ ಬಗ್ಗಿ ಅದನ್ನು ಓದಿದರು.

“ಅವರು ಜಾರಲಿಲ್ಲ ಕಣಮ್ಮ.”

“ನಾನೂ ನೋಡಿದೆ ಭಾವ,” ಎಂದೆ. “ನೀವು ಕೈ ಒರೆಸ್ಕೊಳ್ಳಿ. ಮಧ್ಯಾಹ್ನದ ದೋಣಿ ಬರುತ್ತೆ.”