ಬುಧವಾರದ ಜಂಬೋ ಬ್ಲಾಕ್

ನನ್ನ ಗಂಡ ಸುಳ್ಳು ಹೇಳುವುದರಲ್ಲಿ ಶುದ್ಧ ದಡ್ಡರು. ಇದನ್ನು ಅವರ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆಯಲು ನನಗೆ ಅಂಜಿಕೆಯಿಲ್ಲ. ಒಂದು ಬುಧವಾರ ಬೆಳಿಗ್ಗೆ ಮುಂಬೈಯ ಫೋರ್ಟಿನಲ್ಲಿರುವ ತಮ್ಮ ಹೋಟೆಲಿಗೆಂದು ಮಲಾಡಿನ ಮನೆಯಿಂದ ಹೊರಟವರು, ನನ್ನ ಸಾರು ಕುದಿಯುವ ಮೊದಲೇ ವಾಪಸು ಬಂದರು. ಚಪ್ಪಲಿ ಬಿಡುತ್ತ, ಲೈನಿನಲ್ಲಿ ಜಂಬೋ ಬ್ಲಾಕ್ ಉಂಟು ಎಂದರು. ಹಳಿ ರಿಪೇರಿಗೆಂದು ರೈಲಿನವರು ಗಾಡಿ ನಿಲ್ಲಿಸುವುದು ಭಾನುವಾರ ಎಂಬುದು ಈ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅರ್ಧ ಆಯುಷ್ಯ ಲೋಕಲಿನಲ್ಲಿ ನೇತಾಡಿಕೊಂಡು ಕಳೆದ ಮನುಷ್ಯನಿಗೆ, ಸುಳ್ಳಿಗೆ ಸರಿಯಾದ ಒಂದು ವಾರ ಹುಡುಕಲೂ ಬರಬಾರದೇ?

ನಾನು ಸಾರಿನ ಕಡೆ ತಿರುಗಿದೆ. ಸುಮ್ಮನಿರುವುದು ನನ್ನ ಸ್ವಭಾವವಲ್ಲ, ಆದರೆ ಆ ದಿನ ಹೆದರಿಕೆಯಾಯಿತು. ಅದಕ್ಕೆ ಕೆಲವು ವಾರ ಮೊದಲು ಇವರು ಅಂಧೇರಿಯ ಪ್ಲಾಟ್‌ಫಾರ್ಮಿನಲ್ಲಿ ಎದೆ ಹಿಡಿದುಕೊಂಡು ಕುಸಿದು ಕೂತಿದ್ದರು. ಗಾಡಿಯಲ್ಲಿ ಉಸಿರು ಕಟ್ಟಿದ ಹಾಗಾಗಿ, ಕೈಕಾಲು ತಣ್ಣಗಾಗಿ, ಸಿಕ್ಕ ಸ್ಟೇಷನ್ನಿನಲ್ಲಿ ಇಳಿದುಬಿಟ್ಟಿದ್ದರು. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ನಾನು ಉಟ್ಟ ಸೀರೆಯಲ್ಲೇ ಓಡಿದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೃದಯಕ್ಕೆ ಏನೂ ಆಗಿಲ್ಲ, ಇದು ಮನಸ್ಸಿನ ಗಾಬರಿ, ಇದಕ್ಕೂ ಚಿಕಿತ್ಸೆ ಇದೆ, ಒಬ್ಬ ಕೌನ್ಸೆಲರನ್ನು ನೋಡಿ ಎಂದರು. ಇವರು ವಿನಯದಿಂದ ತಲೆಯಾಡಿಸಿದರು. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಿದ್ದಂತೆ, ಅದೆಲ್ಲ ಏನಿಲ್ಲ, ಗ್ಯಾಸು ಎಂದು ತಾವೇ ತೀರ್ಪು ಕೊಟ್ಟರು.

ನಮ್ಮ ಉಡುಪಿ ಕಡೆಯವರಿಗೆ ಗ್ಯಾಸು ಎಂಬುದು ಬಹಳ ಮರ್ಯಾದಸ್ಥ ಕಾಯಿಲೆ. ಮಕ್ಕಳ ಚಿಂತೆ, ಅಣ್ಣತಮ್ಮಂದಿರ ಮನಸ್ತಾಪ, ನಿದ್ದೆ ಬಾರದಿರುವುದು, ಯಾವುದನ್ನು ಬೇಕಾದರೂ ಅದರೊಳಗೆ ತುಂಬಿ ಮುಚ್ಚಳ ಹಾಕಬಹುದು. ನೆಂಟರೆಲ್ಲ ಫೋನಿನಲ್ಲಿ ಒಂದೊಂದು ಕಷಾಯ ಹೇಳಿದರು. ನಾನೂ ಜೀರಿಗೆ, ಓಮ, ಶುಂಠಿ ಎಂದು ಸರದಿಯ ಮೇಲೆ ಕುದಿಸಿದೆ. ಇವರು ಒಂದು ಹನಿ ಬಿಡದೆ ಕುಡಿಯುತ್ತಿದ್ದರು. ಕುಡಿದು ಕಿಟಕಿಯ ಹತ್ತಿರ ಹೋಗಿ ಸ್ಟೇಷನ್ನಿನ ಕಡೆ ನೋಡುತ್ತ ನಿಲ್ಲುತ್ತಿದ್ದರು.

ಬುಧವಾರದ ಆ ಸುಳ್ಳಿನ ಮೇಲೆ ನಾನು ಹೋಟೆಲಿನ ಪಾಲುದಾರರಿಗೆ ಫೋನ್ ಮಾಡಿ ಕೇಳಿದೆ. ಇವರು ಆ ವಾರವಿಡೀ ಅಲ್ಲಿ ಮುಖ ತೋರಿಸಿರಲಿಲ್ಲ. ಮಾರನೆಯ ದಿನ ಇವರು ಹೊರಟ ಸ್ವಲ್ಪ ಹೊತ್ತಿಗೆ ನಾನೂ ಹಿಂದೆಯೇ ಹೋಗಿ, ಮಲಾಡ್ ಸ್ಟೇಷನ್ನಿನ ಸೇತುವೆಯ ಮೇಲಿಂದ ನೋಡಿದೆ. ಗಾಡಿ ಬಂತು. ಇವರು ಬೆಂಚಿನಿಂದ ಎದ್ದು ಬಾಗಿಲ ತನಕ ಹೋದರು, ಮತ್ತೆ ಬಂದು ಕೂತರು. ಮುಂದಿನ ಗಾಡಿಗೂ ಹಾಗೆಯೇ. ಆಚೀಚೆಯವರು ನೋಡಬಾರದೆಂದು ವಾಚು ನೋಡಿಕೊಳ್ಳುವ ನಾಟಕ ಬೇರೆ. ನನಗೆ ಸಿಟ್ಟು ಬಂತು, ಇಲ್ಲ ಎನ್ನುವುದಿಲ್ಲ. ಆದರೆ ಈ ಮನುಷ್ಯ ಹೀಗೇ ಒಬ್ಬರೇ ಕೂತು ಕೂತು ನನ್ನ ಕೈತಪ್ಪಿ ಹೋಗಿಬಿಟ್ಟರೆ ಎಂಬ ದಿಗಿಲು ಸಿಟ್ಟಿಗಿಂತ ದೊಡ್ಡದಾಗಿತ್ತು.

ನೇರವಾಗಿ ಕೇಳಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕೂತವರಿಗೆ ಒಂದು ಚಟ ಅಂಟಿಬಿಡುತ್ತದೆ. ಗಿರಾಕಿ ಬಿಲ್ಲು ಕೊಡುವಾಗ ಇವರು ಮುಖ ನೋಡಿ, ಯಾಕೆ, ಇವತ್ತು ಸಪ್ಪಗಿದ್ದೀರಿ ಎಂದು ಕೇಳುತ್ತಾರೆ. ಅಷ್ಟು ಸಾಕು. ಬ್ಯಾಂಕಿನವರು ಸಿಗದ ಪ್ರಮೋಷನ್ನನ್ನು, ಕೋರ್ಟಿನ ವಕೀಲರು ಮನೆಯ ಜಗಳವನ್ನು ಅಲ್ಲೇ ಸುರಿದು, ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡು ಹಗುರಾಗಿ ಹೋಗುತ್ತಾರೆ. ಇವರನ್ನು ಯಾರಾದರೂ ತಿರುಗಿ ಕೇಳಿದರೆ, ಕಾಫಿ ಆಯಿತಾ ಎಂದು ಮಾತು ಬದಲಿಸುತ್ತಾರೆ. ಯಾರೋ ಬ್ಯಾಂಕ್ ಆಫೀಸರರ ಮಂಡಿನೋವಿನ ಪೂರ್ತಿ ಚರಿತ್ರೆ ನನಗೆ ಬಾಯಿಪಾಠ. ಕಟ್ಟಿಕೊಂಡ ಗಂಡನಿಗೆ ಎಲ್ಲಿ ನೋಯುತ್ತದೆ ಎಂದು ಮಾತ್ರ ಗೊತ್ತಿಲ್ಲ.

ಹಾಗಾಗಿ ನಾನೂ ಒಂದು ಸುಳ್ಳು ಹೇಳಿದೆ, ಅವರಿಗಿಂತ ಸ್ವಲ್ಪ ಜಾಣತನದಿಂದ. ನನಗೇ ಮನಸ್ಸು ಸರಿಯಿಲ್ಲ, ಕೌನ್ಸೆಲರ್ ಹತ್ತಿರ ಹೋಗಬೇಕು, ಒಬ್ಬಳೇ ಹೋಗಲು ನಾಚಿಕೆ ಎಂದೆ. ಇವರು ಕೂಡಲೇ ಎದ್ದು ಅಂಗಿ ಹಾಕಿಕೊಂಡರು. ಕಷ್ಟ ಇನ್ನೊಬ್ಬರದ್ದಾದರೆ ನಮ್ಮವರಿಗೆ ಎಲ್ಲಿಲ್ಲದ ಹುರುಪು.

ಮಲಾಡ್ ಮಾರ್ಕೆಟಿನ ಹಿಂದಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ, ನೆಲಮಹಡಿಯ ಪುಟ್ಟ ಕೋಣೆಯಲ್ಲಿ ಆ ಕೌನ್ಸೆಲರ್ ಕೂರುತ್ತಿದ್ದಳು. ಚಿಕ್ಕ ಪ್ರಾಯದ ಹುಡುಗಿ. ಹುಟ್ಟಿದ್ದು ಮುಂಬೈಯಲ್ಲೇ, ತಂದೆತಾಯಿ ವಿಜಯಪುರದ ಕಡೆಯವರು. ನಾನು ಮೊದಲೇ ಫೋನಿನಲ್ಲಿ ನಿಜ ಹೇಳಿಟ್ಟಿದ್ದೆ. ಅವಳು, ಮೊದಲು ಅಂಕಲ್ ಹತ್ತಿರ ನಿಮ್ಮ ಬಗ್ಗೆ ಕೇಳುತ್ತೇನೆ ಎಂದು ಇವರನ್ನೇ ಒಳಗೆ ಕರೆದಳು. ನಾನು ಹೊರಗೆ ಕೂತು ದೇವರನ್ನು ನೆನೆದೆ. ಒಳಗಿಂದ ಮಾತೋ ಮಾತು. ಮುಗಿಯುವ ಹಾಗೇ ಕಾಣಲಿಲ್ಲ. ಅಂತೂ ಗಂಟು ಬಿಚ್ಚಿತು ಎಂದು ನನ್ನ ಕಣ್ಣು ತುಂಬಿತು.

ಇವರು ಹೊರಬಂದಾಗ ಮುಖ ಅರಳಿತ್ತು. ರಿಕ್ಷಾದಲ್ಲಿ ಎಲ್ಲ ಹೇಳಿದರು. ಪಾಪದ ಹುಡುಗಿಯಂತೆ. ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾಳಂತೆ. ತಂದೆ ಬಿಲ್ಡಿಂಗ್ ಕೆಲಸಕ್ಕೆಂದು ಬಂದವರು, ಕಷ್ಟಪಟ್ಟು ಓದಿಸಿದ್ದಾರೆ. ಈಗ ಮದುವೆಯಾಗು ಎಂದು ಮನೆಯಲ್ಲಿ ಹಟ ಹಿಡಿದಿದ್ದಾರೆ, ಇವಳು ಒಲ್ಲೆ ಎಂದದ್ದಕ್ಕೆ ತಾಯಿ ಮಾತು ಬಿಟ್ಟಿದ್ದಾರೆ. ಕೌನ್ಸೆಲರಿನ ಎದುರು ಕೂತ ಮನುಷ್ಯ ಕೌನ್ಸೆಲರಿನ ಸಂಸಾರವನ್ನೇ ಹೊತ್ತು ತಂದಿದ್ದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮುಂದಿನ ವಾರ ಅವಳಿಗೆಂದು ನನ್ನ ಕೈಯಲ್ಲೇ ಇಡ್ಲಿ ಮಾಡಿಸಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿಕೊಂಡು ಹೋದರು. ಚಟ್ನಿ ಬೇರೆ ಡಬ್ಬಿಯಲ್ಲಿ.

ಅದರ ಮುಂದಿನ ವಾರ ಅವಳು ನನ್ನನ್ನೂ ಒಳಗೆ ಕರೆದಳು. ನಗುವುದೋ ಅಳುವುದೋ ಎಂದು ಅವಳಿಗೇ ತಿಳಿಯದ ಹಾಗಿತ್ತು.

"ಆಂಟಿ, ನಾನು ಒಂದು ಕ್ವೆಶ್ಚನ್ ಕೇಳಿದ್ರ ಅಂಕಲ್ ಎರಡು ಕೇಳ್ತಾರ. ನಾನೂ ಹೇಳ್ಕೋತ ಕೂತೆ. ಬಹುತ್ ಅಚ್ಛಾ ಲಗಾ, ಆದ್ರ ಪೂರಾ ಉಲ್ಟಾ ಆಗ್ಯದ."

ಮತ್ತೆ ನೆಟ್ಟಗೆ ಕೂತು, ಇವರ ಕಡೆ ತಿರುಗಿ, ತಡವರಿಸುವ ಆ ಕನ್ನಡದಲ್ಲೇ ಕೇಳಿದಳು: "ಅಂಕಲ್, ಎಲ್ಲಾರ ದುಃಖ ನಿಮಗ ಗೊತ್ತದ. ನಿಮ್ದು ಯಾರಿಗೆ ಗೊತ್ತದ?"

ಇವರು ಬಾಯಿ ತೆರೆದರು. ಕಾಫಿಯ ಮಾತು ಬರುತ್ತದೆ ಎಂದು ನಾನು ಕಾದೆ, ಬರಲಿಲ್ಲ. ನನ್ನ ಕಡೆ ಬೆರಳು ತೋರಿಸಿ, ಇವಳಿಗೂ ಗೊತ್ತಿಲ್ಲ ಎಂದರು. ಆ ಸ್ವರ ನಾನು ಯಾವತ್ತೂ ಕೇಳಿದ್ದಲ್ಲ.

ಹುಡುಗಿ ದೊಡ್ಡ ಉಪದೇಶವನ್ನೇನೂ ಕೊಡಲಿಲ್ಲ. ಗಾಡಿ ಖಾಲಿ ಇರುವ ಮಧ್ಯಾಹ್ನ ಆಂಟಿಯ ಜೊತೆ ಮಲಾಡಿನಲ್ಲಿ ಹತ್ತಿ ಗೋರೆಗಾಂವ್‌ನಲ್ಲಿ ಇಳಿಯಿರಿ, ಒಂದೇ ಸ್ಟೇಷನ್, ಅಷ್ಟೇ ಸಾಕು, ವಾಪಸು ಬನ್ನಿ ಎಂದಳು. ಹೆದರಿಕೆಯಾದರೆ ಆಗಲಿ, ಆದದ್ದನ್ನು ಬಾಯಿಬಿಟ್ಟು ಹೇಳಿ ಎಂದಳು.

ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ಲೋಕಲಿನ ಒಂದೇ ಡಬ್ಬಾದಲ್ಲಿ ಕೂತವರಲ್ಲ. ಇಲ್ಲಿ ಗಂಡಹೆಂಡಿರು ಪ್ಲಾಟ್‌ಫಾರ್ಮಿನಲ್ಲಿ ಬೇರೆಯಾಗಿ, ಅವಳು ಹೆಂಗಸರ ಡಬ್ಬಾಕ್ಕೆ, ಅವನು ಜನರಲ್ ಡಬ್ಬಾಕ್ಕೆ ಹತ್ತಿ, ಇಳಿದ ಮೇಲೆ ಮತ್ತೆ ಸಂಸಾರ ಹೂಡುವುದು ರೂಢಿ. ಆ ಮಧ್ಯಾಹ್ನ ನಾನು ಜನರಲ್ ಡಬ್ಬಾಕ್ಕೇ ಹತ್ತಿದೆ. ಇವರು ಬಾಗಿಲ ಹತ್ತಿರ ಒಂದು ಕ್ಷಣ ನಿಂತರು. ನಾನು ಹಿಂದೆ ನೋಡಲಿಲ್ಲ, ಹೋಗಿ ಕಿಟಕಿಯ ಪಕ್ಕ ಕೂತೆ. ಗಾಡಿ ಹೊರಡುವಾಗ ಇವರು ನನ್ನ ಪಕ್ಕ ಬಂದು ಕೂತಿದ್ದರು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಅವತ್ತು ನಾನು ಸತ್ತೇ ಹೋದೆ ಅಂತ ಗ್ರಹಿಸಿದೆ" ಎಂದರು, ನನ್ನ ಕಡೆ ನೋಡದೆ. "ಸುತ್ತ ಅಷ್ಟು ಜನ ಇದ್ರು. ಒಬ್ಬರ ಹತ್ರವೂ ಹೇಳ್ಲಿಕ್ಕೆ ಆಗ್ಲಿಲ್ಲ. ನಂಗೆ ಎಂತೋ ಆಗ್ತಾ ಉಂಟು ಅಂತ ಹೇಗೆ ಹೇಳುದು ಅಂತಲೇ ನಂಗೆ ಬರುದಿಲ್ಲ ಮಾರಾಯ್ತಿ."

ಇಷ್ಟು ಕೇಳಿದ್ದೇ ನನಗೆ ತಡೆಯಲಾಗಲಿಲ್ಲ, ಗಳಗಳನೆ ಅತ್ತುಬಿಟ್ಟೆ. ಎದುರು ಕೂತವರು ಮೊಬೈಲಿನಿಂದ ತಲೆಯೆತ್ತಿದರು. ಇವರು ಥಟ್ಟನೆ ನನ್ನ ಕಡೆ ತಿರುಗಿದರು. ಆ ಗಲ್ಲಾಪೆಟ್ಟಿಗೆಯ ಮುಖ ನನಗೆ ಚೆನ್ನಾಗಿ ಗೊತ್ತು. ಇನ್ನು ನನ್ನನ್ನು ಕೇಳುತ್ತಾರೆ, ತಮ್ಮದು ಅಲ್ಲಿಗೇ ಬಿಟ್ಟುಹೋಗುತ್ತದೆ ಎಂದುಕೊಂಡೆ. ಅವರು ಕೇಳಲು ಹೊರಟು ತಡೆದರು.

"ನಿಂದು ಆಮೇಲೆ ಕೇಳ್ತೇನೆ" ಎಂದರು. "ಮೊದಲು ನಂದು ಮುಗೀಲಿ."

ನಾನು ಸೆರಗಿನಿಂದ ಮೂಗೊರೆಸಿಕೊಂಡು ಬಾಯಿಮುಚ್ಚಿ ಕೂತೆ. ಅವರು ಹೇಳುತ್ತ ಹೋದರು. ಗೋರೆಗಾಂವ್ ಬಂತು, ಜನ ಇಳಿದರು, ಜನ ಹತ್ತಿದರು, ಗಾಡಿ ಹೊರಟಿತು. ನಾವಿಬ್ಬರೂ ಏಳಲಿಲ್ಲ.